ಬಾವಿಗೆ ಕೊಟ್ಟ ಮಗ

ಅಕ್ಕೂಬನನ್ನು ಮಗನನ್ನಾಗಿ ಮಾಡಿಕೊಂಡ ದಿನ ಅವನು ಬಾವಿಯೊಳಗಿದ್ದ. ಮೇಲಿನಿಂದ ಯಾರೋ ಕೂಗಿದರು, "ಲೋ ಅಕ್ಕೂಬ, ಒಡೆಯರು ಕರೀತಾರೆ, ಹತ್ತಿ ಬಾ!" ಸೊಂಟದ ತನಕ ಕೆಸರು, ತಲೆ ತುಂಬ ಸುಣ್ಣಕಲ್ಲಿನ ಹುಡಿ. ಕೈಕಾಲು ತೊಳೆದುಕೊಂಡು ಬರುತ್ತೇನೆ ಎಂದರೆ ಬೇಡ, ಹಾಗೇ ಬಾ ಎಂದರು. ಏನು ತಪ್ಪು ಮಾಡಿದೆನೋ ಎಂದು ಹೆದರುತ್ತಲೇ ಹಗ್ಗ ಹಿಡಿದು ಮೇಲೆ ಬಂದ. ಒಡೆಯ ಎಲ್ಯಾದನ ಗುಡಾರದ ಬಾಗಿಲಲ್ಲಿ ಪಾಳೆಯದ ಹಿರಿಯರೆಲ್ಲ ಕೂತಿದ್ದರು. ಎಲ್ಯಾದ ಎದ್ದು ಬಂದು ಆ ಕೆಸರು ಕೈಯನ್ನೇ ಹಿಡಿದುಕೊಂಡು, "ಇವತ್ತಿಂದ ನೀನು ನನ್ನ ಮಗ" ಎಂದ.

ಅಷ್ಟೇ. ನಮ್ಮವರಲ್ಲಿ ಇದಕ್ಕಿಂತ ಹೆಚ್ಚಿನ ಶಾಸ್ತ್ರವಿಲ್ಲ. ಗುಡಾರದ ಬಾಗಿಲಲ್ಲಿ ಹಿರಿಯರು ಕೇಳುವಂತೆ ಆಡಿದ ಮಾತೇ ಮಗನನ್ನು ಮಾಡುತ್ತದೆ. ಅದೇ ಬಾಗಿಲಲ್ಲಿ 'ನೀನು ನನ್ನ ಮಗನಲ್ಲ' ಎಂದರೆ ಅಲ್ಲಿಗೆ ಮುಗಿಯಿತು. ಅವನು ಮತ್ತೆ ಆಳು, ಅವನ ಮಕ್ಕಳು ಆಳಿನ ಮಕ್ಕಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ನಮಗೆ ಬರೀ ಗಾದೆಯಲ್ಲ. ನಮ್ಮ ಕುರಿ, ಬಾವಿ, ಹೆಂಡತಿ, ಮಕ್ಕಳು ಎಲ್ಲ ನಿಂತಿರುವುದು ಅದರ ಮೇಲೆಯೇ.

ಎಲ್ಯಾದ ಮತ್ತು ಹೊಗ್ಲಾ ಖಾರಾನಿನ ಕಡೆಯಿಂದ ಇಳಿದು ಬಂದ ಗಂಡ ಹೆಂಡತಿ. ಕುರಿ, ಆಡು, ಕತ್ತೆ ಎಲ್ಲ ಮರಿ ಹಾಕಿ ಹಾಕಿ ಬೇರ್ಷೆಬದ ತೆಂಕಣ ಬಯಲೇ ಸಾಲದಂತಾದರೂ ಹೊಗ್ಲಾಳ ಮಡಿಲು ಮಾತ್ರ ತುಂಬಲಿಲ್ಲ. ಅಕ್ಕೂಬ ಅವಳ ತವರಿನಿಂದ ಬಳುವಳಿಯಾಗಿ ಬಂದ ದಾಸಿಯ ಮಗ. ಹೆತ್ತ ತಾಯಿ ಹೆರಿಗೆಯಲ್ಲೇ ಹೋದಳು. ಗುಡಾರದಿಂದ ಗುಡಾರಕ್ಕೆ ಯಾರ ಎದೆಯಲ್ಲಿ ಹಾಲಿತ್ತೋ ಅವರದನ್ನು ಕುಡಿದು ಬೆಳೆದ ಹುಡುಗ, ಮೀಸೆ ಮೂಡುವ ಹೊತ್ತಿಗೆ ಪಾಳೆಯದಲ್ಲೇ ಒಳ್ಳೆಯ ಬಾವಿ ತೋಡುವವನಾದ. ಅವನನ್ನು ಆರಿಸಿದವಳು ಹೊಗ್ಲಾಳೇ. "ನಾವು ಸತ್ತಾಗ ಕಣ್ಣು ಮುಚ್ಚೋಕೆ, ಮಣ್ಣು ಹಾಕೋಕೆ ಒಬ್ಬ ಬೇಕಲ್ಲ. ಆ ಬಾವಿ ಹುಡುಗನ್ನೇ ಇಟ್ಕೋ. ಹೇಗೂ ಗುಂಡಿ ತೋಡೋದು ಚೆನ್ನಾಗಿ ಬರುತ್ತೆ" ಎಂದಳಂತೆ ಗಂಡನಿಗೆ. ಹೊಗ್ಲಾಳ ನಾಲಿಗೆಯೇ ಹಾಗೆ, ಖಾರ ಹಾಕದೆ ಏನನ್ನೂ ಬಡಿಸುತ್ತಿರಲಿಲ್ಲ.

ಆದರೆ ಎಲ್ಯಾದ ಗುಂಡಿ ತೋಡುವವನನ್ನು ತಂದುಕೊಂಡು ಸುಮ್ಮನಾಗಲಿಲ್ಲ. ಊಟಕ್ಕೆ ತನ್ನ ಬಲಕ್ಕೆ ಕೂರಿಸಿಕೊಂಡ. ಜವೆಗೋಧಿ ರೊಟ್ಟಿಯ ಕರಕಲು ಅಂಚು ಅಕ್ಕೂಬನಿಗೆ ಇಷ್ಟ ಎಂದು ಗೊತ್ತಾದ ಮೇಲೆ ತಾನೇ ಮುರಿದು ಅವನ ಕಡೆ ತಳ್ಳುತ್ತಿದ್ದ. ಕುರಿ ನೋಡಿ ಕುರುಬನ ಸ್ವಭಾವ ಹೇಗೆ ಹೇಳಬೇಕು, ಊರಿನವರ ಜೊತೆ ಮಾತಾಡುವಾಗ ಯಾವಾಗ ಸುಮ್ಮನಿರಬೇಕು, ಎಲ್ಲ ಕಲಿಸಿದ. ತಿಮ್ನಾ ಎಂಬ ಹುಡುಗಿಯನ್ನು ತಂದು ಮದುವೆಯನ್ನೂ ಮಾಡಿದ. ಅಕ್ಕೂಬನ ಬಾಯಲ್ಲಿ 'ಒಡೆಯ' ಹೋಗಿ 'ಅಪ್ಪ' ಬರುವುದಕ್ಕೆ ಮಾತ್ರ ಬಹಳ ದಿನ ಹಿಡಿಯಿತು. ಮೊದಲ ಸಲ ಕರೆದಾಗ ಇಬ್ಬರಿಗೂ ನಾಚಿಕೆಯಾಗಿ ಇಬ್ಬರೂ ಕುರಿ ಕಡೆ ನೋಡಿದರು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಅಕ್ಕೂಬನಿಗೆ ಎರಡು ಮಕ್ಕಳಾದ ಮೇಲೆ, ಪಾಳೆಯದ ಹೆಂಗಸರು ಹೊಗ್ಲಾಳನ್ನು ಅಜ್ಜಿ ಎಂದು ಕರೆಯಲು ಶುರುಮಾಡಿದ ಮೇಲೆ, ಹೊಗ್ಲಾ ಬಸುರಾದಳು. ಮೊದಲು ಯಾರೂ ನಂಬಲಿಲ್ಲ. ಸೂಲಗಿತ್ತಿ ನೋಡಿ ಹೌದು ಎಂದ ಮೇಲೆ ಕೂಡ ಕೆಲವರು ಅದು ಗಾಳಿ, ಹೊಟ್ಟೆಯುಬ್ಬರ ಎನ್ನುತ್ತಿದ್ದರು. ಹೊಟ್ಟೆಯುಬ್ಬರ ತಿಂಗಳು ತುಂಬಿ, ಗಂಡುಮಗುವಾಗಿ ಹೊರಬಂದು, ಪಾಳೆಯಕ್ಕೆಲ್ಲ ಕೇಳುವಂತೆ ಅತ್ತಿತು. ಶೋಬಾಲ ಎಂದು ಹೆಸರಿಟ್ಟರು.

ಅವತ್ತು ಎಲ್ಲರೂ ಮಗು ನೋಡಿದರು, ಆಮೇಲೆ ಅಕ್ಕೂಬನನ್ನು ನೋಡಿದರು.

ಅವನು ಯಾರೂ ಹೇಳುವ ಮುಂಚೆ ತಾನೇ ಬಲಗಡೆಯ ಜಾಗ ಬಿಟ್ಟು ಪಂಕ್ತಿಯ ಕೊನೆಗೆ ಹೋಗಿ ಕೂತ. ಎಲ್ಯಾದ ನೋಡಿದ. ಬಾ ಎನ್ನಲಿಲ್ಲ, ಇರು ಎನ್ನಲಿಲ್ಲ. ಅಲ್ಲಿಂದ ಅಕ್ಕೂಬನ ಕಷ್ಟ ಶುರುವಾಯಿತು. ಗುಡಾರದ ಬಾಗಿಲಲ್ಲಿ ನಾಲ್ಕು ಜನ ಹಿರಿಯರು ಸೇರಿದರೆ ಸಾಕು, ಇವತ್ತೇ ಆ ಮಾತು ಬಂತು ಎಂದುಕೊಳ್ಳುತ್ತಿದ್ದ. ಅವರು ಸೇರಿದ್ದು ಆಡಿನ ಕಾಲುರೋಗದ ವಿಚಾರಕ್ಕೆ ಇರಬಹುದು, ಆದರೂ ಅವನು ಗುದ್ದಲಿ ಬಿಟ್ಟು ಆ ಕಡೆಗೇ ಕಿವಿಯಿಟ್ಟು ನಿಲ್ಲುತ್ತಿದ್ದ. ಆಳಾಗಿ ಹುಟ್ಟಿ ಆಳಾಗಿಯೇ ಇದ್ದಿದ್ದರೆ ಈ ಭಯ ಇರುತ್ತಿರಲಿಲ್ಲ. ಮಗನಾಗಿದ್ದೇ ತಪ್ಪಾಯಿತಲ್ಲ ಎಂದು ಅವನಿಗೆ ಎಷ್ಟೋ ಸಲ ಅನಿಸಿತು.

ಹೊಗ್ಲಾ ಸುಮ್ಮನಿರುವ ಪೈಕಿಯಲ್ಲ. ಊಟಕ್ಕೆ ಕೂತಾಗಲೇ, ಎಲ್ಲರೂ ಕೇಳುವಂತೆ ಗಂಡನನ್ನು ಚುಚ್ಚುತ್ತಿದ್ದಳು. "ಎರವಲು ತಂದ ಹಗ್ಗ ಎಲ್ಲೀವರೆಗೆ? ಸ್ವಂತ ಹಗ್ಗ ಹೊಸೆಯೋವರೆಗೆ. ಅಲ್ವಾ?"

"ರೊಟ್ಟಿ ತಣ್ಣಗಾಗುತ್ತೆ, ತಿನ್ನು" ಎನ್ನುತ್ತಿದ್ದ ಎಲ್ಯಾದ.

"ನಾನು ರೊಟ್ಟಿ ಮಾತಾಡ್ತಿಲ್ಲ."

"ನಾನು ಆಡ್ತಿದ್ದೀನಿ."

ಮುದುಕನಿಗೆ ಅದು ಬಿಸಿ ತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ತಿಮ್ನಾ ಮಾತ್ರ ಗಂಡನ ಮೇಲೆ ಹರಿಹಾಯುತ್ತಿದ್ದಳು. "ಹೋಗಿ ಕೇಳು. ಮಗನಾ ಅಲ್ವಾ ಅಂತ ಒಂದೇ ಮಾತಲ್ಲಿ ಕೇಳು. ನನ್ನ ಮಕ್ಕಳು ಯಾರ ಮೊಮ್ಮಕ್ಕಳು ಅಂತ ನಂಗೆ ಗೊತ್ತಾಗ್ಬೇಕು."

"ಕೇಳಿದ್ರೆ ಹೇಳಿಬಿಡ್ತಾನೆ ಕಣೇ."

"ಹೇಳ್ಲಿ."

"ಅಲ್ಲ ಅಂದ್ರೆ?"

ತಿಮ್ನಾ ಬೀಸುಕಲ್ಲನ್ನು ಜೋರಾಗಿ ತಿರುಗಿಸಿದಳು.

ಇದರ ನಡುವೆ ಶೋಬಾಲ ಬೆಳೆದ. ನಡೆಯಲು ಕಲಿತದ್ದೇ ಅಕ್ಕೂಬನ ಹಿಂದೆ ಓಡುವುದಕ್ಕೆ ಎನ್ನುವಂತೆ ಬೆಳೆದ. "ಅಣ್ಣಾ" ಎಂದು ಕರೆಯುತ್ತಿದ್ದ. ಹಾಗೆ ಕರೆಯಬೇಡ, ಹೆಸರು ಹಿಡಿದು ಕರೆ ಎಂದು ತಾಯಿ ಗದರಿದರೆ, ಅವಳ ಮುಂದೆ 'ಅಕ್ಕೂಬಾ' ಎಂದು, ಗುಡಾರದ ಹಿಂದೆ ಹೋದ ಕೂಡಲೇ 'ಅಣ್ಣಾ' ಎನ್ನುತ್ತಿದ್ದ. ಅಕ್ಕೂಬನಿಗೆ ಅವನ ಮೇಲೆ ಹೊಟ್ಟೆಕಿಚ್ಚಿತ್ತು. ಪ್ರೀತಿಯೂ ಇತ್ತು. ಎರಡನ್ನೂ ಒಂದೇ ಹೆಗಲ ಮೇಲೆ ಹೊತ್ತು ತಿರುಗುವುದು ಹೇಗೆ ಎಂದು ಅನುಭವಿಸಿದವರಿಗಷ್ಟೇ ಗೊತ್ತು.

ಶೋಬಾಲನಿಗೆ ಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲಕ್ಕೆ, ಆ ಸೀಮೆಯ ದೊರೆಯ ಕೋಟೆಯಿರುವ ಬಯಲಿನ ಅಂಚಿನ ಒಣಹಳ್ಳದಲ್ಲಿ ಅಕ್ಕೂಬ ಒಂದು ಬಾವಿ ತೋಡಿದ. ಅವನ ಜೀವಮಾನದ ಕೆಲಸ ಅದು. ಆಳದಲ್ಲಿ ಬಂಡೆ ಸಿಕ್ಕಿತು, ಜೊತೆಯವರು ಬಿಟ್ಟುಬಿಡೋಣ ಎಂದರು. ಅವನು ಬಂಡೆಗೆ ಕಿವಿಯಿಟ್ಟು ಕೇಳಿ, ಇನ್ನೂ ತೋಡಿ ಎಂದ. ಸೆಲೆ ಒಡೆದಾಗ ನೀರು ಮೊಣಕಾಲಿನ ತನಕ ಒಮ್ಮೆಲೇ ಬಂತು, ಕುಡಿದರೆ ಸಿಹಿ. ಎಲ್ಯಾದನ ಕುರಿಗಳು ಮೂರು ಕಲ್ಲುದೋಣಿಗಳಿಂದ ಕುಡಿದರೂ ಬತ್ತಲಿಲ್ಲ.

ಸಿಹಿನೀರಿನ ಸುದ್ದಿ ಹೆಚ್ಚು ದಿನ ಮುಚ್ಚಿಡುವಂಥದ್ದಲ್ಲ. ಬಯಲಿನ ಕೋಟೆಯ ದೊರೆಯ ಕಡೆಯಿಂದ ದಳವಾಯಿ ಆಳುಗಳೊಂದಿಗೆ ಬಂದ. "ನೆಲ ನಮ್ಮದು, ಹಾಗಾಗಿ ನೀರೂ ನಮ್ಮದು" ಎಂದ. "ನೆಲದ ಮೇಲಿನದು ನಿಮ್ಮದು, ಕೆಳಗಿನದನ್ನ ಹುಡುಕಿದೋರು ನಾವು" ಎಂದ ಎಲ್ಯಾದ. ಗುದ್ದಲಿ ಕೋಲುಗಳು ಒಂದೆರಡು ಸಲ ಮೇಲೆದ್ದವು. ಒಬ್ಬ ಕುರುಬನ ತಲೆಯೊಡೆಯಿತು. ಕೊನೆಗೆ ದಳವಾಯಿ ಒಂದು ಒಪ್ಪಂದಕ್ಕೆ ಬಂದ. ಬಾವಿ ಇಬ್ಬರಿಗೂ ಇರಲಿ, ಬೆಳಿಗ್ಗೆ ಅವರು, ಸಂಜೆ ಇವರು. ಆದರೆ ಮಾತು ತಪ್ಪದಂತೆ ಒತ್ತೆ ಬೇಕು. ಎಲ್ಯಾದನ ಹಿರಿಯ ಮಗ ಕೋಟೆಯಲ್ಲಿರಬೇಕು.

"ಆಳುಕಾಳು ಬೇಡ" ಎಂದ ದಳವಾಯಿ. "ನಾಳೆ ಯಾರ ಕೈಗೆ ಈ ಕುರಿ, ಈ ಗುಡಾರ ಎಲ್ಲ ಹೋಗುತ್ತೋ ಅವನು ಬೇಕು. ಅವನು ನಮ್ಮಲ್ಲಿದ್ರೆ ನೀವು ಬಾವಿಗೆ ಕಲ್ಲು ಹಾಕಲ್ಲ. ಯಾರು ಹಿರೀಮಗ?"

ಎಲ್ಯಾದ ಬಾಯಿ ತೆರೆದ. ಆದರೆ ಅವನಿಗಿಂತ ಮೊದಲು ಹೊಗ್ಲಾ, ಶೋಬಾಲನ ತೋಳನ್ನು ಗಟ್ಟಿಯಾಗಿ ಹಿಡಿದು ತನ್ನ ಸೆರಗಿನ ಹಿಂದಕ್ಕೆ ಎಳೆದುಕೊಳ್ಳುತ್ತ, ಗುಡಾರದ ಬಾಗಿಲಿಂದ ಕೂಗಿದಳು. "ಇಗೋ, ಅಲ್ಲಿ ನಿಂತಿದ್ದಾನಲ್ಲ, ಅಕ್ಕೂಬ. ಅವನೇ ನಮ್ಮ ಹಿರೀಮಗ. ಪಾಳೆಯದಲ್ಲಿ ಯಾರನ್ನ ಬೇಕಾದ್ರೂ ಕೇಳಿ!"

ದಳವಾಯಿ ಎಲ್ಯಾದನ ಕಡೆ ತಿರುಗಿದ. "ಹೌದಾ?"

ಎಲ್ಯಾದ ಮಗುವನ್ನು ನೋಡಿದ, ಅಕ್ಕೂಬನನ್ನು ನೋಡಿದ. "ಹೌದು. ಇವನು ನನ್ನ ಹಿರಿಯ ಮಗ" ಎಂದ.

ಒಂದು ಕರುವನ್ನು ಸೀಳಿ ಎರಡು ಭಾಗ ಮಾಡಿಟ್ಟು, ನಡುವೆ ಇಬ್ಬರೂ ಹಾದುಹೋಗಿ ಆಣೆ ಇಟ್ಟರು. ಎಲ್ಲ ಮುಗಿದ ಮೇಲೆ ಪಾಳೆಯದ ಅತಿ ಹಿರಿಯ, ಇದ್ದೋ ಎಂಬ ಮುದುಕ, ಹಲ್ಲಿಲ್ಲದ ಬಾಯಲ್ಲಿ ನಗುತ್ತ ಹೊಗ್ಲಾಳ ಹತ್ತಿರ ಬಂದ. "ಅಲ್ವೇ ತಾಯಿ, ಗುಡಾರದ ಒಳಗಿನ ಮಾತನ್ನ ಗುಡಾರದ ಒಳಗೇ ಅಳಿಸಬಹುದಿತ್ತು. ಇದು ಆಣೆ ಮಾತು. ಹೊರಗಿನವರ ಮುಂದೆ, ರಕ್ತದ ಮೇಲೆ ನಡೆದು ಹೇಳಿದ್ದು. ಇನ್ನು ಅವನೇ ಹಿರೀಮಗ. ಎರಡು ಪಾಲು ಅವನಿಗೆ, ಯಜಮಾನಿಕೆ ಅವನಿಗೆ. ಗಂಡ ಇಷ್ಟು ವರ್ಷ ಆಡದೆ ಇದ್ದಿದ್ದನ್ನ ನೀನು ಒಂದೇ ಉಸಿರಲ್ಲಿ ಆಡಿಬಿಟ್ಟೆ ನೋಡು."

ಹೊಗ್ಲಾಳ ಮುಖ ಕಪ್ಪಿಟ್ಟ ರೀತಿ ನೋಡಿ ಪಾಳೆಯದ ಹೆಂಗಸರು ಅವತ್ತು ಬಾವಿಯ ಬಳಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ತಿಮ್ನಾಳೂ ನಕ್ಕಳು, ಆಮೇಲೆ ಗಂಡನ ಗಂಟು ಕಟ್ಟುವಾಗ ಅತ್ತಳು.

ಅಕ್ಕೂಬನಿಗೆ ನಗು ಬರಲಿಲ್ಲ. ವರ್ಷಗಟ್ಟಲೆ ಯಾವ ಮಾತಿಗಾಗಿ ಕಾದಿದ್ದನೋ ಆ ಮಾತು ಬಂದಿತ್ತು. ಬಂದದ್ದು ಹೇಗೆ? ತೋಳ ಬಂದಾಗ ಒಳ್ಳೆಯ ಕುರಿಮರಿಯನ್ನು ಒಳಗೆ ತಳ್ಳಿ ಬಡಕಲು ಟಗರನ್ನು ಮುಂದೆ ಬಿಟ್ಟ ಹಾಗೆ. ಮಗ ಎಂದು ಕರೆದದ್ದು ಕೊಟ್ಟುಬಿಡುವುದಕ್ಕೋ? ಕೋಟೆಯ ದಾರಿಯುದ್ದಕ್ಕೂ ಅವನು ಇದೊಂದನ್ನೇ ಜಗಿದ.

ಕೋಟೆಯಲ್ಲಿ ಅವನನ್ನು ಹೊಡೆಯಲಿಲ್ಲ, ಬಡಿಯಲಿಲ್ಲ. ಒತ್ತೆಯಾಳನ್ನು ಕೆಡಿಸಿದರೆ ಆಣೆ ಕೆಡುತ್ತದೆ. ಮಲಗಲು ಜಾಗ, ಎರಡು ಹೊತ್ತು ಬೇಳೆ ಗಂಜಿ, ಹಬ್ಬಕ್ಕೆ ಅಂಜೂರ. ಕೋಟೆಯ ಹಳೇ ಬಾವಿಗಳ ಹೂಳು ತೆಗೆಯುವ ಕೆಲಸ ಅವನೇ ಕೇಳಿ ಹಾಕಿಸಿಕೊಂಡ. ಸುಮ್ಮನೆ ಕೂತರೆ ತಲೆ ಕೆಡುತ್ತಿತ್ತು. ತಿಮ್ನಾ ಮಕ್ಕಳನ್ನು ಕರೆದುಕೊಂಡು ಆಗಾಗ ಬಂದು ಹೋಗುತ್ತಿದ್ದಳು. ಎಲ್ಯಾದ ಒಮ್ಮೆಯೂ ಬರಲಿಲ್ಲ. ವಯಸ್ಸಾಯಿತು, ಕತ್ತೆ ಮೇಲೆ ಕೂರಲು ಆಗುವುದಿಲ್ಲ ಎಂದು ತಿಮ್ನಾ ಹೇಳಿದಳು. ಅಕ್ಕೂಬ ನಂಬಿದ, ನಂಬಲೂ ಇಲ್ಲ. ಹೀಗೆ ವರ್ಷಗಳು ಹೋದವು. ಅವನ ಗಡ್ಡ ನರೆಯಿತು.

ಒಂದು ಬೆಳಿಗ್ಗೆ ಕೋಟೆಯ ಬಾಗಿಲಲ್ಲಿ ಎತ್ತರದ ಒಬ್ಬ ಯುವಕ ಬಂದು ನಿಂತ. ಕೆನ್ನೆಯ ಮೇಲೆ ಹೊಸ ಗಡ್ಡ, ಕಾಲ ತುಂಬ ಧೂಳು. ಅಕ್ಕೂಬನನ್ನು ಕಂಡದ್ದೇ "ಅಣ್ಣಾ" ಎಂದ. ಆಗ ಗೊತ್ತಾಯಿತು, ಶೋಬಾಲ.

"ಅಪ್ಪ ಹೋಗೋ ಹಾಗಿದ್ದಾನೆ. ಊಟ ಬಿಟ್ಟು ಬಹಳ ದಿನ ಆಯ್ತು. ನಿನ್ನನ್ನೇ ಕೇಳ್ತಿದ್ದಾನೆ. ನೀನು ಹೋಗು. ನಿನ್ನ ಜಾಗದಲ್ಲಿ ನಾನಿರ್ತೀನಿ."

"ನಿನ್ನ ತಾಯಿ ಒಪ್ಪಿದ್ಲಾ?"

"ಕೇಳ್ಲಿಲ್ಲ. ಕೇಳಿದ್ರೆ ನಾನು ಇವತ್ತು ಇಲ್ಲಿರ್ತಿದ್ನಾ?"

"ಲೋ, ಕಣ್ಣು ಮುಚ್ಚೋ ಹೊತ್ತಿಗೆ ನೀನು ಅಲ್ಲಿರಬೇಕು ಕಣೋ. ಹೊಟ್ಟೇಲಿ ಹುಟ್ಟಿದವನು ನೀನು."

"ನಾನು ದಿನಾ ಅವನ ಪಕ್ಕದಲ್ಲೇ ಮಲಗಿದ್ದೀನಿ ಅಣ್ಣಾ, ಇಷ್ಟು ವರ್ಷ. ನನ್ನ ಬದಲು ನೀನು ಇಲ್ಲಿದ್ದೆ ಅಂತ ನಂಗೆ ಗೊತ್ತಿಲ್ವಾ? ಇವತ್ತು ನೀನು ಹೋಗು."

ದಳವಾಯಿಗೆ ಅಭ್ಯಂತರವಿರಲಿಲ್ಲ. ಎಲ್ಯಾದನ ರಕ್ತವೇ ಬಂದು ಕೂತರೆ ಒತ್ತೆ ಇನ್ನೂ ಗಟ್ಟಿಯಾಯಿತಲ್ಲ. ಅಮಾವಾಸ್ಯೆಯೊಳಗೆ ಹಿಂದಿರುಗಬೇಕು ಎಂದ, ಅಷ್ಟೇ.

ಅಕ್ಕೂಬ ಪಾಳೆಯ ತಲುಪಿದಾಗ ಮಧ್ಯಾಹ್ನ. ಗುಡಾರದ ಪಕ್ಕಗಳನ್ನು ಗಾಳಿಗೆ ಎತ್ತಿ ಕಟ್ಟಿದ್ದರು. ಆಡಿನ ಕೂದಲಿನ ಕಂಬಳಿಯ ಮೇಲೆ ಎಲ್ಯಾದ ಒಂದು ಹಿಡಿಯಷ್ಟಾಗಿ ಮಲಗಿದ್ದ. ಕಣ್ಣು ಮಂಜಾಗಿತ್ತು. ಶೋಬಾಲನನ್ನು ಹುಡುಕಿಸಲು ಹೊಗ್ಲಾ ಹೊರಗೆ ಆಳುಗಳನ್ನು ಓಡಿಸುತ್ತಿದ್ದಳು. ಒಳಗೆ ಯಾರೂ ಇರಲಿಲ್ಲ.

"ಯಾರು?"

"ಅಕ್ಕೂಬ."

"ಬಂದ್ಯಾ? ಕೋಟೆಯವರು ಹೇಗೆ ಬಿಟ್ರು?"

"ಶೋಬಾಲ ಹೋಗಿ ನನ್ನ ಜಾಗದಲ್ಲಿ ಕೂತಿದ್ದಾನೆ."

ಮುದುಕನ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯಿತು. "ಒಳ್ಳೇ ಹುಡುಗ" ಎಂದ. ಅಕ್ಕೂಬ ಒರೆಸಿದ. ಕೇಳಬಾರದು ಎಂದುಕೊಂಡೇ ಬಂದಿದ್ದ. ಆದರೆ ಈಗ ಕೇಳದಿದ್ದರೆ ಇನ್ನು ಯಾರನ್ನು ಕೇಳುವುದು?

"ಅಪ್ಪಾ, ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬೇಡ. ಅವತ್ತು ನನ್ನನ್ನ ಹಿರೀಮಗ ಅಂದ್ಯಲ್ಲ. ಅದು ಇವನನ್ನ ಉಳಿಸೋಕೆ ಅಂದಿದ್ದಾ?"

ಎಲ್ಯಾದ ತಡಮಾಡಲಿಲ್ಲ. "ಹೌದು."

ಅಕ್ಕೂಬನ ಕೈ ಹಾಗೇ ನಿಂತಿತು.

"ಸುಳ್ಳು ಹೇಳಿ ಸಾಯಲ್ಲ" ಎಂದ ಮುದುಕ. ಒಂದೊಂದು ಮಾತಿಗೂ ಉಸಿರು ಹುಡುಕಿಕೊಳ್ಳುತ್ತಿದ್ದ. "ಅವನು ಎಳೇದು. ನೀನು ಗಟ್ಟಿ ಆಳು, ಎಲ್ಲಿದ್ರೂ ಬದುಕ್ತೀಯ. ಅವಳು ಅಂದ್ಲು, ನಾನು ಹೂಂ ಅಂದೆ. ಕೆಟ್ಟ ಕೆಲಸ. ಆಮೇಲೆ ನಿದ್ದೆ ಬರ್ಲಿಲ್ಲ ಕಣೋ. ನಾನು ಎಷ್ಟೋ ಆಳುಗಳನ್ನ ಕೊಟ್ಟಿದ್ದೀನಿ, ತಗೊಂಡಿದ್ದೀನಿ, ಒಂದು ಹೊತ್ತು ಊಟ ಬಿಟ್ಟವನಲ್ಲ. ಆಳನ್ನ ಕಳಿಸಿದ್ರೆ ನಿದ್ದೆ ಬರ್ತಿತ್ತು. ನೀನು ಹೋದ್ಮೇಲೆ ರೊಟ್ಟಿ ಮುರಿದ್ರೆ ಕೈ ತಾನಾಗೇ ಬಲಗಡೆ ಹೋಗೋದು. ಅಲ್ಲಿ ಯಾರೂ ಇಲ್ಲ. ಕೋಟೆಗೆ ಬರೋಣ ಅಂತ ಎಷ್ಟು ಸಲ ಹೊರಟೆನೋ. ಯಾವ ಮುಖ ಇಟ್ಕೊಂಡು ಬರ್ಲಿ? ಕೊಟ್ಟ ಮೇಲೆ ಗೊತ್ತಾಯ್ತು, ಏನು ಕೊಟ್ಟೆ ಅಂತ."

ಅಕ್ಕೂಬನ ಸಿಟ್ಟು ಪೂರ್ತಿ ಹೋಗಲಿಲ್ಲ. ಆದರೆ ಇಷ್ಟು ವರ್ಷ ಕಲ್ಲಿನ ಹಾಗಿದ್ದ ಎದೆಯೊಳಗೆ ಎಲ್ಲೋ ಒಂದು ಕಡೆ ಸೆಲೆ ಒಡೆಯಿತು. ಅಪ್ಪನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಹೊತ್ತು ಇಳಿಯುವ ಮುಂಚೆ ಎಲ್ಯಾದ ಹೋದ. ಕಣ್ಣು ಮುಚ್ಚಿದವನು ಅಕ್ಕೂಬ.

ಹೆಬ್ರೋನಿನ ದಾರಿಯ ಗುಡ್ಡದ ಗವಿಯಲ್ಲಿ ಮಣ್ಣು ಮಾಡಿ ಬಂದರು. ಬಟ್ಟೆ ಹರಿದುಕೊಂಡು, ತಲೆಗೆ ಬೂದಿ ಹಾಕಿಕೊಂಡು ಮೊದಲ ಅಳು ಅಳಬೇಕಾದವನು ಹಿರಿಮಗ. ಅಕ್ಕೂಬ ಬಟ್ಟೆ ಹರಿದುಕೊಂಡ, ಬೂದಿ ಹಾಕಿಕೊಂಡ. ಕಣ್ಣಲ್ಲಿ ಮಾತ್ರ ಒಂದು ಹನಿ ಬರಲಿಲ್ಲ. ಹಿರಿಯರು ಮುಖ ಮುಖ ನೋಡಿಕೊಂಡರು.

ಇನ್ನು ಅವನೇ ಯಜಮಾನ. ಕುರಿ, ಆಡು, ಕತ್ತೆ, ಗುಡಾರ, ಆಳು, ಬಾವಿ ಎಲ್ಲ ಅವನ ಒಂದು ಮಾತಿನ ಮೇಲೆ. ಶೋಬಾಲ ಕೋಟೆಯಲ್ಲಿ. ಅಮಾವಾಸ್ಯೆಗೆ ಅಕ್ಕೂಬ ಹೋಗದೆ ಇದ್ದುಬಿಟ್ಟರೆ? ಏನೂ ಆಗುವುದಿಲ್ಲ. ಶೋಬಾಲ ಅಲ್ಲೇ ಇರುತ್ತಾನೆ, ಇವನಿದ್ದ ಹಾಗೆ, ಗಡ್ಡ ನರೆಯುವ ತನಕ. ಬಾವಿಯೂ ಉಳಿಯುತ್ತದೆ. ಈ ಯೋಚನೆ ಅಕ್ಕೂಬನಿಗೆ ಬರಲಿಲ್ಲ ಎಂದು ಹೇಳಿದರೆ ಅವನನ್ನು ದೇವರು ಮಾಡಿದಂತಾಗುತ್ತದೆ. ಬಂತು. ಬಂದು ಸ್ವಲ್ಪ ಹೊತ್ತು ಆರಾಮವಾಗಿ ಕೂತಿತ್ತು ಕೂಡ.

"ಹೋಗಬೇಡ ಅಂತ ನಾನು ಹೇಳಲ್ಲ" ಎಂದಳು ತಿಮ್ನಾ, ರೊಟ್ಟಿ ತಟ್ಟುತ್ತ. "ಬೇಗ ಹೋಗು ಅಂತಾನೂ ಹೇಳಲ್ಲ."

ಮಾರನೇ ದಿನ ಹೊಗ್ಲಾ ಬಂದಳು. ಅಷ್ಟು ವರ್ಷದಲ್ಲಿ ಅವಳು ಅಕ್ಕೂಬನ ಗುಡಾರಕ್ಕೆ ಕಾಲಿಟ್ಟವಳಲ್ಲ. ಬಾಗಿಲ ಕೋಲು ಹಿಡಿದು ನಿಂತಳು, ಒಳಗೆ ಬಾ ಎಂದರೂ ಬರಲಿಲ್ಲ. ಗಂಡನನ್ನು ಕಳೆದುಕೊಂಡ ಮುಖದಲ್ಲಿ ಗಂಡನ ದುಃಖಕ್ಕಿಂತ ಬೇರೆ ಹೆದರಿಕೆಯೇ ಹೆಚ್ಚಾಗಿತ್ತು.

"ನಿಂಗೆ ನಾನು ಏನೇನು ಅಂದಿದ್ದೀನಿ ಅಂತ ನಂಗೆ ಜ್ಞಾಪಕ ಇದೆ" ಎಂದಳು. "ನಿಂಗೂ ಇರುತ್ತೆ. ಕಾಲು ಹಿಡೀಬೇಕು ಅಂದ್ರೆ ಹಿಡೀತೀನಿ. ಅವನನ್ನ ಅಲ್ಲೇ ಬಿಟ್ಟುಬಿಡಬೇಡ."

ಅವಳು ನಿಜವಾಗಿಯೂ ಬಗ್ಗಿದಳು. ಅಕ್ಕೂಬ ಥಟ್ಟನೆ ಎದ್ದು ಅವಳ ತೋಳು ಹಿಡಿದ. ಹಿಡಿದ ತೋಳು ಒಣ ಕಡ್ಡಿಯಂತಿತ್ತು. ಅವನಿಗೆ ಕನಿಕರವೂ ಆಯಿತು, ಸಿಟ್ಟೂ ಬಂತು. ನನ್ನ ತಾಯಿ ಬದುಕಿದ್ದಿದ್ದರೆ ನನಗಾಗಿ ಯಾರ ಕಾಲಿಗೆ ಬೀಳುತ್ತಿದ್ದಳೋ ಎನಿಸಿತು. "ನಡೀರಿ ಒಡತಿ, ಬಿಸಿಲು" ಎಂದಷ್ಟೇ ಹೇಳಿದ. ಹೋಗುತ್ತೇನೆ ಎನ್ನಲಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ, ಕೋಲೂರಿಕೊಂಡು ಹೋದಳು.

ಅಮಾವಾಸ್ಯೆಗೆ ಇನ್ನೂ ದಿನವಿರುವಾಗಲೇ ಅಕ್ಕೂಬ ಕತ್ತೆಗೆ ಜೀನು ಬಿಗಿದ. ಇದ್ದೋ ತಾನೂ ಬರುತ್ತೇನೆಂದು ಹಟ ಹಿಡಿದು ಇನ್ನೊಂದು ಕತ್ತೆ ಹತ್ತಿದ. ಶೋಬಾಲನನ್ನು ಬಿಡಿಸಿ ತಾನು ಮತ್ತೆ ಒತ್ತೆ ಕೂರುವುದೆಂದು ಅಕ್ಕೂಬ ದಾರಿಯಲ್ಲೇ ಗಟ್ಟಿ ಮಾಡಿಕೊಂಡಿದ್ದ. ದಳವಾಯಿ ಅದನ್ನು ಕೇಳಿ ನಕ್ಕುಬಿಟ್ಟ.

"ಎಲ್ಲಾದ್ರೂ ಉಂಟಾ? ನಾವು ಆಣೆ ಇಟ್ಟಿದ್ದು ನಿನ್ನಪ್ಪನ ಜೊತೆ. ಅವನು ಹೋದ, ಆಣೇನೂ ಹೋಯ್ತು. ಈಗ ನೀನು ಯಜಮಾನ, ನಿನ್ನ ಜೊತೆ ಹೊಸ ಆಣೆ. ಯಜಮಾನನೇ ಒತ್ತೆ ಕೂತ್ರೆ ಆಣೆ ಕಾಯೋನು ಯಾರು? ಇವನು ಹೇಗೂ ಇಲ್ಲೇ ಇದ್ದಾನೆ, ಇರ್ಲಿ. ಇಲ್ಲಾಂದ್ರೆ ನಿನ್ನ ಹಿರೀಮಗನ್ನ ಕಳಿಸು. ಯಾರು ಅಂತ ನೀನೇ ಹೇಳು."

ಶೋಬಾಲ ಗೋಡೆಗೆ ಒರಗಿ ನಿಂತಿದ್ದ. ಅವನು ತಲೆಯಾಡಿಸಿದ, ನನ್ನ ಹೆಸರೇ ಹೇಳು ಎನ್ನುವಂತೆ. "ಅಣ್ಣಾ, ನಿನ್ನ ಮಗ ಯಾಕೆ, ನಾನೇ ಇರ್ತೀನಿ" ಎಂದ.

ಅಕ್ಕೂಬ ಬಾಯಿ ತೆರೆದ. ಹೆಸರು ನಾಲಿಗೆಯ ತುದಿಯಲ್ಲಿತ್ತು. ಆಗ ಅವನಿಗೆ ಅಪ್ಪ ಅವತ್ತು ಎಂಥ ಜಾಗದಲ್ಲಿ ನಿಂತಿದ್ದ ಎಂಬುದು ಗೊತ್ತಾಯಿತು. ಎಷ್ಟು ಸುಲಭ. ಒಂದು ಹೆಸರು ಹೇಳಿದರೆ ಮುಗಿಯಿತು. ಮನೆಗೆ ಹೋಗಿ ಊಟ ಮಾಡಬಹುದು. ಊಟ ಇಳಿಯುತ್ತದೆಯೇ ಎನ್ನುವುದು ಆಮೇಲಿನ ಮಾತು.

"ಯಾರೂ ಇಲ್ಲ" ಎಂದ ಅಕ್ಕೂಬ.

"ಅಂದ್ರೆ?"

"ಒತ್ತೆ ಇಲ್ಲ, ಆಣೆ ಇಲ್ಲ. ಬಾವಿ ನೀವೇ ಇಟ್ಕೊಳ್ಳಿ. ನಾಳೆ ಹಗ್ಗ ಬಿಚ್ಕೊಂಡು ನಾವು ಮೇಲಿನ ಹಳ್ಳದ ಕಡೆ ಹೋಗ್ತೀವಿ."

ಇದ್ದೋ ಕತ್ತೆಯ ಮೇಲಿಂದ ಬೀಳುವುದೊಂದು ಬಾಕಿ. "ಏ ಮಾರಾಯ, ಬಿಸಿಲು ಕಾಲ ಬರ್ತಿದೆ! ಮೇಲಿನ ಹಳ್ಳದಲ್ಲಿ ಕಪ್ಪೆಗೂ ನೀರಿಲ್ಲ! ಅರ್ಧ ಕುರಿ ದಾರೀಲೇ ಸಾಯ್ತವೆ!"

"ಸಾಯ್ತವೆ" ಎಂದ ಅಕ್ಕೂಬ.

"ಅದು ನೀನು ತೋಡಿದ ಬಾವಿ ಅಣ್ಣಾ" ಎಂದ ಶೋಬಾಲ.

"ತೋಡಿದವನಿಗೆ ಇನ್ನೊಂದು ತೋಡೋಕೆ ಬರುತ್ತೆ. ತಮ್ಮನ್ನ ಎಲ್ಲಿ ತೋಡ್ಲಿ? ನಡಿ."

ಇಷ್ಟು ಅಗ್ಗವಾಗಿ ಅಷ್ಟು ಒಳ್ಳೆಯ ಬಾವಿ ಸಿಕ್ಕಿದ್ದು ದಳವಾಯಿಯ ಜೀವಮಾನದಲ್ಲೇ ಇದು ಮೊದಲು. ಮನಸ್ಸು ಬದಲಾಯಿಸುವ ಮುಂಚೆ ಕಳಿಸಿಬಿಡೋಣ ಎಂದು ಬಾಗಿಲು ತೆಗೆಸಿದ.

ಪಾಳೆಯಕ್ಕೆ ಬರುವ ಹೊತ್ತಿಗೆ ಸುದ್ದಿ ಅವರಿಗಿಂತ ಮೊದಲು ಬಂದಿತ್ತು. ಇದ್ದೋನ ಕತ್ತೆ ಮುದಿಯಾದರೂ ಅವನ ಬಾಯಿ ಮುದಿಯಾಗಿರಲಿಲ್ಲ, ದಾರಿಯಲ್ಲಿ ಸಿಕ್ಕ ಕುರುಬರಿಗೆಲ್ಲ ಹೇಳಿಕೊಂಡೇ ಬಂದಿದ್ದ. ಜನ ಗುಡಾರಗಳ ಮುಂದೆ ಗುಂಪುಗಟ್ಟಿ ನಿಂತಿದ್ದರು. ಯಾರ ಮುಖದಲ್ಲೂ ನಗುವಿಲ್ಲ. ನೀರು ಬಿಟ್ಟುಕೊಟ್ಟು ಬಂದ ಯಜಮಾನನಿಗೆ ಯಾರು ಆರತಿ ಎತ್ತುತ್ತಾರೆ? ಕುರುಬರಲ್ಲಿ ಒಬ್ಬ, "ಎಷ್ಟಾದ್ರೂ ಆಳಿನ ಬುದ್ಧಿ" ಎಂದದ್ದು ಅಕ್ಕೂಬನ ಕಿವಿಗೂ ಬಿತ್ತು. ಎಲ್ಲರೂ ಹೊಗ್ಲಾಳ ಕಡೆ ನೋಡುತ್ತಿದ್ದರು. ಅವಳ ನಾಲಿಗೆಯಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದರು. ಆ ಕುರುಬನ ಮಾತಿಗೆ ಅವಳು ಹೂಂ ಎಂದರೆ ಆಯಿತು, ಪಾಳೆಯ ಎರಡಾಗಿ ಒಡೆಯುತ್ತಿತ್ತು.

ಹೊಗ್ಲಾ ಕೋಲೂರಿಕೊಂಡು ಮುಂದೆ ಬಂದಳು. ಶೋಬಾಲನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು, ಬಿಟ್ಟಳು. ಅಕ್ಕೂಬನ ಎದುರಿಗೆ ಬಂದು ನಿಂತಳು. ಅವನ ಹರಿದ ಬಟ್ಟೆಯಲ್ಲಿ ದಾರಿಯ ಮುಳ್ಳು ಸಿಕ್ಕಿಕೊಂಡಿತ್ತು. ಅದನ್ನು ಕಿತ್ತು ಎಸೆದಳು. ಆಮೇಲೆ ಜನರ ಕಡೆ ತಿರುಗಿದಳು.

"ಏನು ನೋಡ್ತಿದ್ದೀರಿ? ನನ್ನ ಮಕ್ಕಳಿಬ್ಬರೂ ಮನೆಗೆ ಬಂದ್ರು. ಗುಡಾರ ಕೀಳಿ. ಹಿರಿಯವನು ಎಲ್ಲಿ ತೋಡು ಅಂತಾನೋ ಅಲ್ಲಿ ತೋಡೋಣ."

ಯಾರೂ ಎದುರಾಡಲಿಲ್ಲ. ಗೂಟ ಕೀಳುವ ಸದ್ದು ಒಂದೊಂದೇ ಕಡೆಯಿಂದ ಶುರುವಾಯಿತು. ಅಕ್ಕೂಬ ಅಪ್ಪನ ಗುಡಾರದ ಹತ್ತಿರ ಹೋಗಿ ಮೊದಲ ಗೂಟಕ್ಕೆ ಕೈ ಹಾಕಿದ. ಗವಿಯ ಮುಂದೆ ಬರದಿದ್ದ ಅಳು ಅಲ್ಲಿ ಬಂತು. ಅವನು ಗೂಟ ಹಿಡಿದು ಕೂತುಕೊಂಡು, ಪಾಳೆಯಕ್ಕೆಲ್ಲ ಕೇಳುವಂತೆ, "ಅಪ್ಪಾ" ಎಂದು ಅತ್ತ.